ಕಾಣದ ನಟ್ಟಿಗೂ ಲೆಕ್ಕ ಇದೆ

ಮಾನ್ಯರೇ,

ತಿಪಟೂರಿನಲ್ಲಿ 24 ವರ್ಷದಿಂದ ಸಣ್ಣ ಗ್ಯಾರೇಜ್ ನಡೆಸುತ್ತಿದ್ದೇನೆ. ಐಟಿಐ ಮುಗಿಸಿದ ಹುಡುಗರು ವರ್ಷಕ್ಕೆ ಒಬ್ಬಿಬ್ಬರು ಕೆಲಸ ಕಲಿಯಲು ಬರುತ್ತಾರೆ. ಒಳ್ಳೆಯ ಹುಡುಗರು. ನನ್ನ ತಕರಾರು ಅವರಿಗೆ ಕಲಿಸುವ ರೀತಿಯ ಬಗ್ಗೆ.

ಕಳೆದ ಬೇಸಿಗೆಯಲ್ಲಿ ಕೊಬ್ಬರಿ ಮೂಟೆ ಸಾಗಿಸುವ ಪಿಕಪ್ ಒಂದರ ಎಂಜಿನ್ ಹೆಡ್ ಕೆಲಸ ಬಂತು. ಹೆಡ್ಡಿನಿಂದ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡಿನ ಎಂಟು ನಟ್ಟುಗಳಲ್ಲಿ ಆರಕ್ಕೆ ಹುಡುಗ ಟಾರ್ಕ್ ವ್ರೆಂಚ್ (ನಾವು ಇಟ್ಟ ಅಂಕಿಯಷ್ಟು ಬಿಗಿಯಾದೊಡನೆ ಸದ್ದು ಮಾಡುವ ಪಾನಾ) ಹಾಕಿ 'ಟಿಕ್' ಅನ್ನಿಸಿದ. ಉಳಿದೆರಡು ಕ್ಯಾಬಿನ್ ತಗಡಿನ ಮಗ್ಗುಲಲ್ಲಿ, ಪೈಪಿನ ಅಡಿಯಲ್ಲಿವೆ. ಅಲ್ಲಿಗೆ ವ್ರೆಂಚಿನ ತಲೆ ನುಗ್ಗುವುದಿಲ್ಲ, ನಟ್ಟು ಕಣ್ಣಿಗೂ ಬೀಳುವುದಿಲ್ಲ. ಅವೆರಡಕ್ಕೆ ರಿಂಗ್ ಪಾನಾದಲ್ಲಿ ಕೈಯಂದಾಜು. ನಾಲ್ಕನೇ ದಿನ ಗಾಡಿ 'ಫಟ್ ಫಟ್' ಅನ್ನುತ್ತಾ ವಾಪಸು ಬಂತು. ಗ್ಯಾಸ್ಕೆಟ್ ಹೊಗೆ ಬಿಡುತ್ತಿದ್ದುದು ಸರಿಯಾಗಿ ಆ ಎರಡು ನಟ್ಟಿನ ನಡುವೆ. ನಾನು ಊಟಕ್ಕೆ ಹೋಗಿದ್ದೆ. ಎಂಜಿನ್ ಇನ್ನೂ ಬಿಸಿಯಿರುವಾಗಲೇ ಹುಡುಗ ಒಂದು ಪಾನಾಕ್ಕೆ ಇನ್ನೊಂದನ್ನು ಸಿಕ್ಕಿಸಿ ಎಳೆದಿದ್ದಾನೆ. ನಟ್ಟು ಕೂರುವ ಸ್ಟಡ್ ಕಟ್! ಹೆಡ್ಡಿನೊಳಗೆ ಉಳಿದ ತುಂಡನ್ನು ಕೊರೆದು ತೆಗೆಯಲು ಒಂದೂವರೆ ದಿನ ಹಿಡಿಯಿತು. ಅದಕ್ಕೆ ಗಾಡಿಯವರ ಹತ್ತಿರ ಕಾಸು ಕೇಳುವ ಮುಖ ನನಗಿರಲಿಲ್ಲ.

"ಬಿಗಿತ 30 ನ್ಯೂಟನ್ ಮೀಟರ್ ಅಂತ ಗೊತ್ತಿತ್ತಣ್ಣ, ವ್ರೆಂಚ್ ಕೂರಲಿಲ್ಲ" ಅಂದ. ನಿಜವೇ. ಅವನು ಕಲಿತದ್ದು ಸ್ಟ್ಯಾಂಡಿನ ಮೇಲೆ ಕೂರಿಸಿದ ಎಂಜಿನ್ನಿನಲ್ಲಿ. ಅದಕ್ಕೆ ನಾಲ್ಕೂ ಕಡೆಯಿಂದ ಕೈ ಹೋಗುತ್ತದೆ.

ಇಂಥ ಜಾಗಕ್ಕೆಂದೇ ಟಾರ್ಕ್ ವ್ರೆಂಚಿನ ತುದಿಗೆ ಸಿಕ್ಕಿಸುವ ಗಿಡ್ಡ ಪಾನಾ, ಕ್ರೋಫುಟ್, ಸಿಗುತ್ತದೆ, ನಾವು ಕಾಗೆಕಾಲು ಅನ್ನುತ್ತೇವೆ. ನಾನು 12-13ರ ಹಳೆಯ ರಿಂಗ್ ಪಾನಾ ಕತ್ತರಿಸಿ, ವ್ರೆಂಚಿನ ಚೌಕ ಕೂರುವಂತೆ ಸಾಕೆಟ್ ವೆಲ್ಡ್ ಮಾಡಿಸಿಕೊಂಡಿದ್ದೇನೆ. (ಹೆಡ್ ಬೋಲ್ಟಿಗೆ ಇದು ಬೇಡ, ವೆಲ್ಡ್ ತಡೆಯದು.) ರಿಂಗಿನ ನಡುವಿನಿಂದ ಚೌಕದ ನಡುವಿಗೆ 5 ಸೆಂ.ಮೀ. ನನ್ನ ವ್ರೆಂಚಿನ ಚೌಕದಿಂದ ಹಿಡಿಯ ನಡುವಿಗೆ 25. ಎರಡನ್ನೂ ನೇರವಾಗಿ ಜೋಡಿಸಿದರೆ ಸನ್ನೆಯ ಉದ್ದ 30 ಸೆಂ.ಮೀ. ಆಯಿತಲ್ಲ, ಆಗ ವ್ರೆಂಚನ್ನು 25 ನ್ಯೂಟನ್ ಮೀಟರಿಗೆ ಇಟ್ಟರೆ ನಟ್ಟಿಗೆ 30 ಸಿಗುತ್ತದೆ. ಲೆಕ್ಕ ಮರೆತು 30ಕ್ಕೇ ಇಟ್ಟರೆ ನಟ್ಟಿನ ಮೇಲೆ ಬೀಳುವುದು 36. ಕಾಗೆಕಾಲನ್ನು ವ್ರೆಂಚಿಗೆ ಅಡ್ಡಲಾಗಿ, ಎಲ್ ಅಕ್ಷರದ ಹಾಗೆ ಕೂರಿಸಿದರೆ ಈ ಲೆಕ್ಕವೇ ಬೇಡ, 30 ಅಂದರೆ 30. ಸಾಕೆಟ್ ಮೇಲೆ ಹಾಕುವ ನೆಟ್ಟನೆಯ ಎಕ್ಸ್‌ಟೆನ್ಷನ್ ರಾಡಿಗೂ ಲೆಕ್ಕ ಬದಲಾಗದು. ಆದರೆ ಎಂಜಿನ್ ತಣ್ಣಗಿರಬೇಕು. ಸ್ಟಡ್ಡಿನ ಮರೆಗೆ (ಥ್ರೆಡ್ಡಿಗೆ) ಎಣ್ಣೆ ಸವರುವುದೂ ಬೇಡ, ಜಾರಿದರೆ ಅದೇ 30ಕ್ಕೆ ಸ್ಟಡ್ಡಿನ ಮೇಲೆ ಎಳೆತ ಹೆಚ್ಚುತ್ತದೆ. ಟಿಕ್ ಅಂದ ನಟ್ಟಿಗೆ ಕಡ್ಡಿಯ ತುದಿಯಲ್ಲಿ ನಮ್ಮ ಮನೆಯವರ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇಡುತ್ತೇನೆ. ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು ಒಳಗೆ ಹಿಡಿದು ಎಂಟು ಚುಕ್ಕೆ ಎಣಿಸಿದ ಮೇಲೆಯೇ ಬಾನೆಟ್ ಮುಚ್ಚುವುದು.

ನನ್ನದೂ ಒಂದು ತಪ್ಪಿದೆ, ಅದನ್ನೂ ಹೇಳುತ್ತೇನೆ. ನನ್ನ ಟಾರ್ಕ್ ವ್ರೆಂಚ್ ಸರಿಯಿದೆಯೇ ಎಂದು ನೋಡಲು ಪಕ್ಕದ ದಿನಸಿ ಅಂಗಡಿಯಿಂದ ಮುದ್ರೆ ಬಿದ್ದ 10 ಕೆ.ಜಿ. ತೂಕದ ಕಲ್ಲು ತಂದು, ವ್ರೆಂಚಿನ ಚೌಕವನ್ನು ವೈಸಿಗೆ ಕಚ್ಚಿಸಿ, ಅಡ್ಡಲಾಗಿ ಹಿಡಿದು, 25 ಸೆಂ.ಮೀ. ದೂರದಲ್ಲಿ ಕಲ್ಲು ತೂಗುಹಾಕಿದೆ. ಅಂದರೆ 24.5 ನ್ಯೂಟನ್ ಮೀಟರ್. ವ್ರೆಂಚನ್ನು 28ಕ್ಕೆ ಏರಿಸಿದರೂ ಟಿಕ್ ಅಂದುಬಿಟ್ಟಿತು! ಕೆಲಸವಾದ ಮೇಲೆ ಕೆಳಗಿನ ಅಂಕಿಗೆ ತಿರುಗಿಸಿಡದೆ ಸ್ಪ್ರಿಂಗ್ ಸೋತಿತ್ತು. ಎಷ್ಟು ಗಾಡಿಗಳನ್ನು ಹಾಗೆ ಸಡಿಲವಾಗಿಯೇ ಕಳಿಸಿದ್ದೇನೋ. ದಿನಸಿಯವರ ಕಲ್ಲಿಗೆ ಮುದ್ರೆ ಹಾಕಲು ಸರ್ಕಾರದ ಇಲಾಖೆಯೇ ಇದೆ. ನಮ್ಮ ವ್ರೆಂಚ್ ಸರಿಯಿದೆಯೇ ಎಂದು ಕೇಳುವವರಿಲ್ಲ. ಹಲವು ಜಿಲ್ಲೆಗಳಲ್ಲಿರುವ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕೇಂದ್ರಗಳವರು ತಿಂಗಳಿಗೆ ಒಂದು ದಿನ ಸಣ್ಣ ಗ್ಯಾರೇಜಿನವರ ವ್ರೆಂಚ್ ನೋಡಿಕೊಟ್ಟರೆ ದುಡ್ಡು ಕೊಟ್ಟೇ ಮಾಡಿಸಿಕೊಳ್ಳುತ್ತೇವೆ.

ಐಟಿಐನವರಲ್ಲಿ ಕೇಳುವುದು ಇಷ್ಟೇ: ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಂಜಿನ್ನಿನ ಒಂದು ಮಗ್ಗುಲಿಗೆ ನಾಲ್ಕು ಬೆರಳು ಜಾಗ ಬಿಟ್ಟು ತಗಡು ನಿಲ್ಲಿಸಿ. ಆಮೇಲೆ ಆ ಕಡೆಯ ನಟ್ಟನ್ನು ಟಾರ್ಕಿಗೆ ಬಿಗಿಯಲು ಹೇಳಿ. ನಮ್ಮ ಶೆಡ್ಡಿನಲ್ಲಿ ಗುಜರಿಗೆ ಹೋಗಬೇಕಾದ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಒಂದಿದೆ. ಸುತ್ತಮುತ್ತಲಿನ ಯಾವ ಐಟಿಐಗೆ ಬೇಕಾದರೂ ಪುಕ್ಕಟೆ ಕೊಡುತ್ತೇನೆ, ತಗಡೂ ನನ್ನದೇ. ಸಾಗಿಸುವ ಗಾಡಿ ಮಾತ್ರ ಅವರು ತರಲಿ.

– ಒಬ್ಬ ಮೆಕ್ಯಾನಿಕ್, ತಿಪಟೂರು