ಏಳನೇ ಕ್ಲಾಸಿನವರಿಗೂ ಓದಿ ಹೇಳು

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿ ಇನ್ನೂ ಒಂದು ಟರ್ಮ್ ಮುಗಿದಿಲ್ಲ, ಆಗಲೇ ಇಷ್ಟು ಸಿಟ್ಟೇ! "ಏಳನೇ ಕ್ಲಾಸಿನವರು ಪಾಠ ಗಡಗಡ ಓದ್ತಾರೆ ದೊಡ್ಡಮ್ಮ, ಏನು ಓದಿದೆ ಅಂತ ಕೇಳಿದ್ರೆ ಕಣ್ಣು ಕಣ್ಣು ಬಿಡ್ತಾರೆ. ಕೆಳಗಿನ ಕ್ಲಾಸಲ್ಲಿ ಏನು ಕಲಿಸಿದ್ರೋ" ಅಂತ ಬರೆದಿದ್ದೀಯ. ಕೆಳಗಿನ ಕ್ಲಾಸಿನ ಮೇಷ್ಟ್ರನ್ನು ಬಯ್ಯಬೇಡ ಕಣೇ. ಅವರ ಪಾಲಿನ ಕೆಲಸ ಅವರು ಮಾಡಿದ್ದಾರೆ. ಗಡಗಡ ಓದಲು ಬಂದಿದೆಯಲ್ಲ, ಅದೇನು ಸಣ್ಣ ಮಾತಲ್ಲ. ಉಳಿದದ್ದು ನಿನ್ನ ಪಾಲು. ಓದು ಕಲಿಸುವ ಕೆಲಸ ಮೂರನೇ ಕ್ಲಾಸಿಗೆ ಮುಗಿಯಿತು ಅಂತ ಎಲ್ಲರೂ ನಂಬಿಕೊಂಡಿರುತ್ತಾರೆ. ಅದು ಹತ್ತನೇ ಕ್ಲಾಸಿನವರೆಗೂ ಇರುತ್ತದೆ, ರೂಪ ಮಾತ್ರ ಬದಲಾಗುತ್ತದೆ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು, ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ತಿಳಿವಳಿಕೆ. ಗುಣಿಸಿದರೆ ಅಂದಿದ್ದಾರೆ ನೋಡು, ಕೂಡಿಸಿದರೆ ಅಂದಿಲ್ಲ. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ನಿನ್ನ ಮಕ್ಕಳಿಗೆ ಮೊದಲನೆಯದು ಇದೆ, ಎರಡನೆಯದು ಸಾಲದು.

ಕನ್ನಡದಲ್ಲಿ ಈ ಕೊರತೆ ಬೇಗ ಕಾಣುವುದೇ ಇಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಕೈಗೆ ಹತ್ತಲು ಸಮಯ ಹಿಡಿಯುತ್ತದೆ, ನಿಜ. ನಾಲ್ಕನೇ ಕ್ಲಾಸಿನಲ್ಲೂ ಮಕ್ಕಳು ಅಕ್ಷರಗಳನ್ನು ಕಲಿಯುತ್ತಲೇ ಇರುತ್ತಾರೆ ಅಂತ ಸೊನಾಲಿ ನಾಗ್ ಅವರು 2007ರಲ್ಲಿ ಕನ್ನಡದ ಮಕ್ಕಳ ಬಗ್ಗೆಯೇ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆದರೆ ಒಮ್ಮೆ ಹತ್ತಿದ ಮೇಲೆ ಜನ್ಮದಲ್ಲಿ ಕೇಳದ ಪದವನ್ನೂ ಮಗು ಸರಿಯಾಗಿ ಓದಿಬಿಡುತ್ತದೆ. ಬರೆದಂತೆ ಉಚ್ಚರಿಸಿದರೆ ಆಯಿತಲ್ಲ! ಕೇಳುವ ಮೇಷ್ಟ್ರಿಗೆ ಖುಷಿ, ಮಗುವಿಗೆ ಏನೂ ತಿಳಿದಿಲ್ಲ.

ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡುವುದು ಕಷ್ಟವೇನಲ್ಲ. ಮಗು ಓದಿ ಅರ್ಥವಾಗದ ಒಂದು ಪುಟವನ್ನು ನೀನೇ ಓದಿ ಹೇಳು. ಕೇಳಿದಾಗ ಅರ್ಥವಾದರೆ ಅಕ್ಷರದ ಕಡೆ ಕೆಲಸ ಇದೆ. ಕೇಳಿದರೂ ಅರ್ಥವಾಗದಿದ್ದರೆ ಪದ, ವಾಕ್ಯ, ವಿಷಯ ಇವುಗಳ ಕಡೆ. ಇದನ್ನು ನೋಡದೆ ಎಲ್ಲರಿಗೂ "ಇನ್ನೊಂದು ಸಲ ಓದು" ಅಂದರೆ ಏನು ಪ್ರಯೋಜನ?

ವಿಷಯ ಅಂದೆನಲ್ಲ, ಅದು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. 1988ರಲ್ಲಿ ಅಮೆರಿಕದಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬುವರು ಏಳು, ಎಂಟನೇ ಕ್ಲಾಸಿನ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿದ್ದನ್ನು ಆಟದ ಮೈದಾನದ ಮಾದರಿಯ ಮೇಲೆ ಗೊಂಬೆಗಳನ್ನು ಸರಿಸಿ ತೋರಿಸಬೇಕಿತ್ತು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ತೋರಿಸಿದರು! ಹಾಗಾಗಿ ಸಮುದ್ರದ ಕಥೆ ಓದಿಸುವ ಮುಂಚೆ ಸಮುದ್ರದ ಬಗ್ಗೆ ಹತ್ತು ಮಾತು ಆಡು. ಉಬ್ಬರ ಇಳಿತ ಅಂದರೇನು, ಹಡಗಿಗೆ ಯಾಕೆ ಕೆಲವೊಮ್ಮೆ ದಡಕ್ಕೆ ಬರಲಾಗುವುದಿಲ್ಲ, ಇಷ್ಟು ಗೊತ್ತಿದ್ದರೆ ಅರ್ಧ ಪಾಠ ತಾನೇ ಬಿಡಿಸಿಕೊಳ್ಳುತ್ತದೆ. ವಿಜ್ಞಾನ, ಚರಿತ್ರೆಯ ಮೇಷ್ಟ್ರ ಜೊತೆಗೂ ಮಾತಾಡು. ಅವರ ಪುಸ್ತಕವನ್ನೂ ಮಕ್ಕಳು ಓದಿಯೇ ಕಲಿಯಬೇಕು, ಅಲ್ವಾ?

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳು. ಪಾಠದ ಪುಸ್ತಕ ಬೇಡ, ಒಂದು ಉದ್ದದ ಕಾದಂಬರಿ ತೆಗೆದುಕೊ. "ಅಷ್ಟು ದೊಡ್ಡ ಮಕ್ಕಳಿಗೆ ಓದಿ ಹೇಳೋದಾ?" ಅಂತ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ ಬಿಡು. ಮಕ್ಕಳು ತಾವೇ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳುವುದು ಜಾಸ್ತಿ. ಈ ಅಂತರ ಮುಚ್ಚುವುದು ಹೆಚ್ಚುಕಡಿಮೆ ಎಂಟನೇ ಕ್ಲಾಸಿನ ಹೊತ್ತಿಗೆ. ಅಲ್ಲಿಯವರೆಗೆ, ಅವರಿಗೆ ಓದಲು ಆಗದ, ಆದರೆ ತಿಳಿಯಲು ಆಗುವ ಪುಸ್ತಕಗಳು ಎಷ್ಟೋ ಇವೆ. ಅವು ಕಿವಿಯಿಂದಲೇ ಒಳಗೆ ಹೋಗಬೇಕು.

ಇನ್ನೊಂದು ಕಾರಣವೂ ಇದೆ. ಪುಸ್ತಕದ ವಾಕ್ಯ ನಮ್ಮ ಮಾತಿನ ವಾಕ್ಯದ ಹಾಗೆ ಇರುವುದಿಲ್ಲ. "ಬಂದವನು ಯಾರೆಂದು ತಿಳಿಯುವ ಮೊದಲೇ ಬಾಗಿಲು ಹಾಕಿಕೊಂಡ ಅವಳು" ಅಂತ ಮನೆಯಲ್ಲಿ ಯಾರಾದರೂ ಮಾತಾಡುತ್ತಾರಾ? ಇಂಥ ವಾಕ್ಯ ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆ ಅನ್ನುವುದು ಧ್ವನಿಯ ಏರಿಳಿತದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹಲವು ಸಲ ಕೇಳಿದ ಮಗು, ಒಬ್ಬಳೇ ಕೂತು ಓದುವಾಗಲೂ ಆ ಧ್ವನಿಯನ್ನು ಒಳಗೇ ಹಾಕಿಕೊಳ್ಳುತ್ತಾಳೆ.

ಹಿಂದಿನ ರಾತ್ರಿ ಒಮ್ಮೆ ಓದಿಕೊಂಡು ಹೋಗು. ಎಲ್ಲಿ ನಿಲ್ಲಿಸಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊ. ಕಥೆ ಬಿಗಿಯಾದಾಗಲೇ ಪುಸ್ತಕ ಮುಚ್ಚು. ಮಧ್ಯೆ ಪ್ರಶ್ನೆ ಬೇಡ, ಪದದ ಅರ್ಥ ಕೇಳಬೇಡ, ತೀರಾ ಬೇಕಿದ್ದರೆ ನೀನೇ ಒಂದು ಮಾತಲ್ಲಿ ಹೇಳಿ ಮುಂದೆ ಹೋಗು. ಪಾತ್ರಕ್ಕೊಂದು ದನಿ ಮಾಡುವುದೂ ಅತಿಯಾಗುವುದು ಬೇಡ, ಆಮೇಲೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ, ಕಥೆಯನ್ನಲ್ಲ. ಹಿಂದಿನ ಬೆಂಚಿನ ಹುಡುಗರು ಕೇಳದವರ ಹಾಗೆ ಪೆನ್ನು ತಿರುಗಿಸುತ್ತಾ ಕೂರುತ್ತಾರೆ. ಒಂದು ದಿನ ಓದದೇ ಬಿಟ್ಟು ನೋಡು, ಮೊದಲು ಕೇಳುವವರು ಅವರೇ.

"ಈ ಕಥೆಯ ನೀತಿ ಏನು?" ಅನ್ನುವ ಪ್ರಶ್ನೆಯನ್ನು ದಯವಿಟ್ಟು ಕೈಬಿಡು. ಆ ಪ್ರಶ್ನೆಗೆ ಉತ್ತರ ಹೇಳಲು ಕಥೆ ಓದಬೇಕಾಗೇ ಇಲ್ಲ. ಸುಳ್ಳು ಹೇಳಬಾರದು, ಒಗ್ಗಟ್ಟಿನಲ್ಲಿ ಬಲವಿದೆ, ಈ ಎರಡರಲ್ಲಿ ಒಂದು ಹೊಂದುತ್ತದೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಏಡನ್ ಚೇಂಬರ್ಸ್ ಮಕ್ಕಳ ಲೇಖಕ, ಮೇಷ್ಟ್ರೂ ಆಗಿದ್ದವರು. ಅವರು ಸೂಚಿಸಿದ ಪ್ರಶ್ನೆಗಳು ನನಗೆ ತುಂಬ ಹಿಡಿಸಿವೆ. ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಎಲ್ಲಿ ಗೊಂದಲವಾಯಿತು, ಏನಾದರೂ ಮತ್ತೆ ಮತ್ತೆ ಬರುತ್ತಿದೆಯಾ. ಇಷ್ಟೇ. ಗೊಂದಲದ ಪ್ರಶ್ನೆಯಿಂದಲೇ ಒಳ್ಳೆಯ ಮಾತುಕತೆ ಹುಟ್ಟುತ್ತದೆ. ನಿನಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಪದ್ಯದಲ್ಲಂತೂ ಭಾವಾರ್ಥಕ್ಕೆ ಓಡಬೇಡ. ಎರಡು ಸಲ ಚೆನ್ನಾಗಿ ಓದು, ಅವರಿಂದಲೂ ಓದಿಸು, ನಾಲ್ಕು ಸಾಲು ಬಾಯಿಗೆ ಬರಲಿ. ಅರ್ಥ ಆಮೇಲೆ. ಭಾವಾರ್ಥವನ್ನು ಬೋರ್ಡಿನ ಮೇಲೆ ಬರೆದುಬಿಟ್ಟರೆ ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಾರೆ, ಪದ್ಯದ ಕಡೆ ತಿರುಗಿಯೂ ನೋಡುವುದಿಲ್ಲ.

ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಕಷ್ಟದ ಬರಹವನ್ನೇ ಕೊಡು. ಸುಲಭ ಮಾಡಿ ಕೊಟ್ಟರೆ ಅವರಿಗೆ ಅವಮಾನ. ಒಂದೇ ಕಥೆಯನ್ನು ಎರಡು ಸಲ, ನಿಧಾನವಾಗಿ ಓದಿಸು. ಆ ವಯಸ್ಸಿನವರಿಗೆ ವಾದ ಬೇಕು. ಯಾರು ಏನೇ ಅಭಿಪ್ರಾಯ ಹೇಳಲಿ, "ಯಾವ ಸಾಲು ನೋಡಿ ಹಾಗನ್ನಿಸಿತು?" ಅಂತ ಕೇಳು. ಸಾಲು ತೋರಿಸಿದರೆ ಒಪ್ಪು, ನಿನ್ನ ಅಭಿಪ್ರಾಯ ಬೇರೆ ಇದ್ದರೂ. ತೋರಿಸಲಾಗದಿದ್ದರೆ ಮತ್ತೆ ಓದಲಿ. ಪರೀಕ್ಷೆ ಇದೆಯಲ್ಲ ಅನ್ನುತ್ತೀಯ. ಇದೆ. ಪ್ರಶ್ನೋತ್ತರಕ್ಕೆ ಕೊನೆಯ ಕೆಲವು ವಾರ ಇಟ್ಟುಕೊ, ವರ್ಷವಿಡೀ ಬೇಡ.

ಶಾಲೆಯ ಪುಸ್ತಕದ ಬೀರುವಿಗೆ ಬೀಗ ಹಾಕಿದೆ ಅಂತಲೂ ಬರೆದಿದ್ದೀಯ. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಡಿತರಾದ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದೇ ಅದರಲ್ಲಿ ಮೊದಲನೆಯದು. ಹೆಡ್‌ಮಾಸ್ಟರ ಹತ್ತಿರ ಬೀಗದಕೈ ಕೇಳು. ಹರಿಯುತ್ತದೆ, ಕಳೆಯುತ್ತದೆ ಅಂತಾರೆ. ಹರಿದರೆ ಯಾರೋ ತೆರೆದು ನೋಡಿದ್ದಾರೆ ಅಂತಾಯಿತು. ಮಕ್ಕಳು ಚಿತ್ರಕಥೆ ಓದಿದರೂ ಸರಿ, ಓದಿದ್ದನ್ನೇ ಓದಿದರೂ ಸರಿ, ಅರ್ಧಕ್ಕೆ ಬಿಟ್ಟು ಬೇರೆ ತೆಗೆದುಕೊಂಡರೂ ಸರಿ. ಓದಿದ್ದಕ್ಕೆಲ್ಲ ವರದಿ ಬರೆಸಬೇಡ. ಓದು ಕಮ್ಮಿಯಾಗಲು ಅದೊಂದು ಸಾಕು.

ಕೊನೆಗೆ, ನಿನ್ನ ಕ್ಲಾಸಿನಲ್ಲಿ ಸರಿಯಾಗಿ ಓದಲು ಬಾರದ ಆ ಇಬ್ಬರು ಹುಡುಗರ ಮಾತು. ಅವರನ್ನು ದಡ್ಡರು ಅಂತ ಬರೆದಿದ್ದೀಯ, ಅದು ಬೇಡ. ಅಕ್ಷರ ಹಿಡಿಯುವ ತೊಡಕಿಗೂ ಬುದ್ಧಿಗೂ ಸಂಬಂಧವಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಹಿಡಿಯದ ತೊಡಕು, ಇದ್ದರೂ ಇರಬಹುದು, ತಿಳಿದವರಿಗೆ ತೋರಿಸಲು ಮನೆಯವರಿಗೆ ಹೇಳು. ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಸಾಲಾಗಿ ಒಬ್ಬೊಬ್ಬರೇ ಎದ್ದು ಓದುವ ಪದ್ಧತಿ ಇದೆಯಲ್ಲ, ಅದನ್ನು ನಿಲ್ಲಿಸು. ತಮ್ಮ ಸರದಿ ಬರುವವರೆಗೆ ಅವರಿಗೆ ಎದೆ ಡವಡವ, ಪಾಠ ಕಿವಿಗೇ ಬೀಳುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳದ ಹೊತ್ತಲ್ಲಿ, ಅಕ್ಷರ ಮತ್ತು ಧ್ವನಿಯನ್ನು ಕ್ರಮವಾಗಿ, ಮೊದಲಿನಿಂದ ಕಲಿಸು. ಹದಿಮೂರು ವರ್ಷವಾದರೂ ತಡವಾಗಿಲ್ಲ. ಆದರೆ ಒಂದನೇ ಕ್ಲಾಸಿನ ಪುಸ್ತಕ ಕೈಗೆ ಕೊಡಬೇಡ, ಅವರ ವಯಸ್ಸಿಗೆ ತಕ್ಕ ನಾಲ್ಕು ಸಾಲು ನೀನೇ ಬರೆದುಕೊಡು. ಕ್ಲಾಸಿನಲ್ಲಿ ಕಾದಂಬರಿ ಓದುವಾಗ ಅವರು ಎಲ್ಲರ ಜೊತೆಯೇ ಇರಲಿ. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವರು ಯಾರಿಗೂ ಕಮ್ಮಿ ಇಲ್ಲದಿರಬಹುದು.

ಮುಂದಿನ ವಾರ ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ನೋಡು. ಯಾರಿಗೆ ಒತ್ತಕ್ಷರ ಮಾತ್ರ ತೊಡಕು, ಯಾರಿಗೆ ಕಾಗುಣಿತವೇ ಬಂದಿಲ್ಲ ಅಂತ ಬರೆ. ಯಾವುದರಿಂದ ಶುರು ಮಾಡಬೇಕು ಅಂತ ಅದನ್ನು ನೋಡಿ ತಿಳಿಸುತ್ತೇನೆ.

ನಿನ್ನ
ದೊಡ್ಡಮ್ಮ