ಕಮ್ಮಾರ ಬಾರ್ಸನ್

ಶೆಫೀಲ್ಡ್

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ಚಳಿಯೂ ಬಿಟ್ಟಿಲ್ಲ, ಕೆಲಸವೂ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಫುಟ್‌ಬಾಲ್ ಮಾತು ಬಂದಾಗ "ಈಗಿನ ಡಿಫೆಂಡರ್‌ಗಳು ಗಾಳಿ ತಾಗಿದರೂ ಬೀಳುತ್ತಾರೆ" ಅಂತ ಬೈತಾ ಇದ್ದಿರಲ್ಲ, ಆಗಲೇ ಒಬ್ಬನ ವಿಷಯ ನಿಮಗೆ ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಶುರು ಮಾಡಿದರೆ ಅಮ್ಮ ಮಧ್ಯೆ ಊಟದ ಮಾತು ತೆಗೀತಾಳೆ. ಅದಕ್ಕೇ ಈ ಕಾಗದ.

ಫ್ರಾಂಕ್ ಬಾರ್ಸನ್ ಅಂತ. ಇದೇ ಶೆಫೀಲ್ಡ್‌ನವನು, 1891ರಲ್ಲಿ ಹುಟ್ಟಿದ್ದು. ಕಮ್ಮಾರನಾಗಿ ದುಡಿಯುತ್ತಿದ್ದವನು ಬಾರ್ನ್ಸ್ಲಿ ಕ್ಲಬ್ ಸೇರಿದ. ಜಾಗ ಸೆಂಟರ್ ಹಾಫ್. ಆಗ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಆ ಮೂವರಲ್ಲಿ ಮಧ್ಯದವನು ಇವನು. ಎದುರಿನ ಸೆಂಟರ್ ಫಾರ್ವರ್ಡನ್ನೂ ತಡೀಬೇಕು, ಚೆಂಡನ್ನು ಮುಂದಕ್ಕೂ ಕೊಡಬೇಕು. ಭುಜದಿಂದ ಗುದ್ದುವುದು ನಿಯಮದ ಒಳಗೇ ಇತ್ತು, ಗೋಲ್‌ಕೀಪರನ್ನೂ ಗುದ್ದಬಹುದಿತ್ತು! ಪಾದದ ಗಂಟನ್ನೂ ಮುಚ್ಚುವ ದಪ್ಪ ಬೂಟು, ಮಳೆ ಬಂದರೆ ನೀರು ಕುಡಿದು ಭಾರವಾಗುವ ಚರ್ಮದ ಚೆಂಡು. ಅಂಥ ಚೆಂಡಿಗೆ ತಲೆ ಕೊಡುವುದರಲ್ಲಿ ಬಾರ್ಸನ್ ಎತ್ತಿದ ಕೈ. ಫೋಟೋದಲ್ಲಿ ಅವನ ಮುರಿದ ಮೂಗು ನೋಡಿದರೆ ಉಳಿದದ್ದು ಕೇಳಬೇಕಾಗಿಲ್ಲ.

1920ರ ಎಫ್‌ಎ ಕಪ್ (ಎಫ್‌ಎ ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಫೈನಲ್, ಲಂಡನ್ನಿನ ಸ್ಟಾಂಫರ್ಡ್ ಬ್ರಿಡ್ಜ್ ಮೈದಾನದಲ್ಲಿ. ಆಗ ಅವನು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಲ್ಲಾ ಕ್ಲಬ್‌ನಲ್ಲಿದ್ದ. ಆಟ ಶುರುವಾಗುವ ಮುಂಚೆಯೇ ರೆಫರಿ ಹೌಕ್ರಾಫ್ಟ್ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಒಂದು ತಪ್ಪು ಹೆಜ್ಜೆ ಇಟ್ಟರೂ ಹೊರಗೆ ಕಳಿಸುತ್ತೇನೆ ಅಂತ ಬಾರ್ಸನ್‌ಗೆ ಎಚ್ಚರಿಕೆ ಕೊಟ್ಟನಂತೆ. ಇನ್ನೂ ಅವನು ಚೆಂಡನ್ನೇ ಮುಟ್ಟಿಲ್ಲ, ಅಪ್ಪ! ಆದರೂ ಮನುಷ್ಯ ಅಳತೆ ಮೀರದೆ ಆಡಿದ. ಹೆಚ್ಚುವರಿ ಸಮಯದಲ್ಲಿ ಹಡರ್ಸ್‌ಫೀಲ್ಡ್ ವಿರುದ್ಧ ವಿಲ್ಲಾ 1-0 ಗೆದ್ದಿತು. ಇಷ್ಟಾದರೂ ಇಂಗ್ಲೆಂಡ್ ಪರ ಆಡಿದ್ದು ಒಂದೇ ಮ್ಯಾಚು, ಅದೇ ವರ್ಷ ವೇಲ್ಸ್ ಎದುರು. ಹೆಸರು ಕೆಟ್ಟಿದ್ದಕ್ಕೇ ಇನ್ನೊಂದು ಸಿಗಲಿಲ್ಲ ಅಂತ ನನ್ನ ಊಹೆ.

ವಿಲ್ಲಾದವರು ಬರ್ಮಿಂಗ್‌ಹ್ಯಾಮ್‌ಗೆ ಮನೆ ಬದಲಾಯಿಸು ಅಂದರೆ ಇವನು ಶೆಫೀಲ್ಡ್ ಬಿಡಲ್ಲ ಅಂತ ಹಟ ಹಿಡಿದ. ಕೊನೆಗೆ 1922ರಲ್ಲಿ 5,000 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಎರಡನೇ ಡಿವಿಜನ್‌ನಲ್ಲಿದ್ದ ತಂಡವನ್ನು ಮೂರು ವರ್ಷದಲ್ಲಿ ಮೇಲಕ್ಕೆ ತಂದರೆ ಒಂದು ಪಬ್ ಕೊಡ್ತೀವಿ ಅಂತ ಮಾತಾಗಿತ್ತಂತೆ. ಆಗ ಆಟಗಾರರ ವಾರದ ಸಂಬಳಕ್ಕೆ ಮಿತಿ ಇತ್ತು, ಎಷ್ಟೇ ದೊಡ್ಡವನಾದರೂ 8 ಪೌಂಡ್. ಹಾಗಾಗಿ ಪಬ್ ಅಂದರೆ ಸುಮ್ನೆ ಅಲ್ಲ. 1925ರಲ್ಲಿ ತಂಡ ಮೇಲಕ್ಕೇರಿತು, ಪಬ್ಬೂ ಸಿಕ್ಕಿತು. ಬಾಗಿಲು ತೆಗೆದ ದಿನ ಜನ ಮುತ್ತಿಕೊಂಡು ಹೊಗಳಿ ಹೊಗಳಿ ಸಾಕುಮಾಡಿದರಂತೆ. ಕಾಲು ಗಂಟೆಯಲ್ಲಿ ಬೇಜಾರಾಗಿ ಬೀಗದ ಕೈಯನ್ನು ಹೆಡ್ ವೇಟರ್ ಕೈಗೆ ಕೊಟ್ಟು ಎದ್ದುಹೋದ ಅಂತ ಕಥೆ. ನನಗೆ ಅವನು ಇಷ್ಟವಾದದ್ದೇ ಇಲ್ಲಿ.

ಹಾಗಂತ ಸಾಧು ಅನ್ನಲಾರೆ. 1926ರ ಕಪ್ ಸೆಮಿಫೈನಲ್ ನಮ್ಮೂರಿನ ಬ್ರಾಮಲ್ ಲೇನ್ ಮೈದಾನದಲ್ಲೇ ನಡೆದಿತ್ತು. ಬಾರ್ಸನ್ ಜೊತೆಗಿನ ಗುದ್ದಾಟದಲ್ಲಿ ಎದುರು ತಂಡ ಮ್ಯಾಂಚೆಸ್ಟರ್ ಸಿಟಿಯ ಸ್ಯಾಮ್ ಕೋವನ್ ಎಚ್ಚರ ತಪ್ಪಿ ಬಿದ್ದ. ರೆಫರಿ ಏನೂ ಮಾಡಲಿಲ್ಲ, ಆದರೆ ಆಮೇಲೆ ಎಫ್‌ಎ ಬಾರ್ಸನ್‌ಗೆ ಎರಡು ತಿಂಗಳು ನಿಷೇಧ ಹಾಕಿತು. 1928ರಲ್ಲಿ ವಾಟ್‌ಫರ್ಡ್‌ನಲ್ಲಿದ್ದಾಗ ಮತ್ತೆ ತಿಂಗಳುಗಟ್ಟಲೆ ನಿಷೇಧ. ಊರಿನ ಮೇಯರ್ ಸಾವಿರಾರು ಜನರ ಸಹಿ ಹಿಡಿದು ಹೋದರೂ ಎಫ್‌ಎ ಜಗ್ಗಲಿಲ್ಲ. ಅಷ್ಟು ಹೊತ್ತಿಗೆ ಅವನು ಏನು ಮಾಡಿದರೂ ತಪ್ಪೇ ಅನ್ನುವ ಹಾಗಾಗಿತ್ತೋ, ನಿಜಕ್ಕೂ ತಪ್ಪೇ ಜಾಸ್ತಿ ಇತ್ತೋ? ನನಗಂತೂ ಎರಡೂ ಅನ್ನಿಸುತ್ತೆ.

"ಬಾಲ್ ಹೋದರೂ ಪ್ಲೇಯರ್ ಹೋಗಬಾರದು" ಅಂತಿದ್ದ ನೀವು ಯಾರ ಕಡೆ ಅಂತ ಗೊತ್ತು ಬಿಡಿ. ಚಿಕ್ಕಪ್ಪನಿಗೂ ಇದನ್ನ ಓದಿ ಹೇಳಿ. ಲೈನ್ಸ್‌ಮನ್ ಆಗಿದ್ದವರು, ಹೌಕ್ರಾಫ್ಟ್ ಮಾಡಿದ್ದೇ ಸರಿ ಅಂತಾರೆ. ಅವರೇನಂದರು ಅಂತ ಬರೀರಿ. ಅಮ್ಮನಿಗೆ ಮಂಡಿ ನೋವಿನ ಮಾತ್ರೆ ತಪ್ಪಿಸಬೇಡ ಅನ್ನಿ.

ನಿಮ್ಮ ಮಗ