ಮನೋಸ್ಥೈರ್ಯಕ್ಕೂ ತಾಲೀಮು ಬೇಕು

ಮಾನ್ಯರೇ,

ಗೆಲುವಿನ ಅಂಚಿನಲ್ಲಿ ಸೋತವರ ಬಗ್ಗೆ ಕ್ರೀಡಾ ವರದಿಗಳು ‘ಮನೋಸ್ಥೈರ್ಯದ ಕೊರತೆ’ ಎಂದು ಬರೆದು ಮುಗಿಸುತ್ತವೆ. ಅದು ಹುಟ್ಟುಗುಣವೇನಲ್ಲ. ಸರ್ವ್, ಕ್ಯಾಚ್‌ಗಳಂತೆ ಅದನ್ನೂ ಅಭ್ಯಾಸ ಮಾಡಿಸಬೇಕು. ಒಂಟಿ ಆಟಕ್ಕೆ ಒಂದು ಬಗೆಯ ಅಭ್ಯಾಸವಾದರೆ ತಂಡದ ಆಟಕ್ಕೆ ಇನ್ನೊಂದು ಬಗೆಯದು.

ಟೆನಿಸ್‌ನಲ್ಲಿ ಒಂದು ಪಾಯಿಂಟ್ ಮುಗಿದು ಮತ್ತೊಂದು ಶುರುವಾಗಲು 25 ಸೆಕೆಂಡುಗಳಿವೆ. ಕಳೆದ ಪಾಯಿಂಟಿಗೆ ಬೆನ್ನು ತಿರುಗಿಸುವುದು, ಎರಡು ಸಲ ನಿಧಾನವಾಗಿ ಉಸಿರು ಬಿಡುವುದು, ಚೆಂಡು ಎಲ್ಲಿಗೆ ಎಂದು ನಿರ್ಧರಿಸುವುದು, ಪ್ರತಿ ಸಲವೂ ಅಷ್ಟೇ ಬಾರಿ ಚೆಂಡು ಪುಟಿಸುವುದು: ಈ ಕ್ರಮ ಮೈಗೂಡಬೇಕು. ಒತ್ತಡದಲ್ಲಿ ಆಟಗಾರ ಅವಸರಪಡುತ್ತಾನೆ, ಇಲ್ಲವೇ ತನ್ನಷ್ಟಕ್ಕೆ ತಿರುಗುತ್ತಿದ್ದ ಮಣಿಕಟ್ಟನ್ನು ಯೋಚಿಸಿ ತಿರುಗಿಸಲು ಹೋಗುತ್ತಾನೆ. ಕೈ ಕೆಡುವುದು ಅಲ್ಲೇ. ಅದಕ್ಕೇ ಅಭ್ಯಾಸ ಪಂದ್ಯವನ್ನು ಆಗಾಗ 4-5, 30-40ರಿಂದ, ಅಂದರೆ ಸರ್ವ್ ಮಾಡುವವರು ಇನ್ನೊಂದು ಪಾಯಿಂಟ್ ಬಿಟ್ಟರೆ ಸೆಟ್ಟೇ ಕೈತಪ್ಪುವ ಹಂತದಿಂದ, ಆರಂಭಿಸಬೇಕು.

ತಂಡದಲ್ಲಿ ತಪ್ಪು ಒಬ್ಬನಲ್ಲೇ ನಿಲ್ಲುವುದಿಲ್ಲ. ಒಬ್ಬ ಎಡವಿದ ಮೇಲೆ ಮಾತು ನಿಲ್ಲುತ್ತದೆ, ‘ಅವನು ನೋಡಿಕೊಳ್ಳುತ್ತಾನೆ’ ಎಂದು ಇಬ್ಬರ ನಡುವೆ ಚೆಂಡು ಬೀಳುತ್ತದೆ. ತಪ್ಪಾದ ಕೂಡಲೇ ಕೂಗಿ ಹೇಳುವವರು ಯಾರು, ಯಾವ ಮಾತು, ಪೆನಾಲ್ಟಿ ಸರದಿ ಯಾರದು ಎಂಬುದೆಲ್ಲ ಪಂದ್ಯಕ್ಕೆ ಮೊದಲೇ ನಿಗದಿಯಾಗಿರಬೇಕು.

ಬಿಲ್ಲುಗಾರಿಕೆಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ವೈಯಕ್ತಿಕ ನಾಕೌಟ್ ಪಂದ್ಯದಲ್ಲಿ ಸರದಿಯಂತೆ ಬಾಣ ಬಿಡುವಾಗ ಒಂದು ಬಾಣಕ್ಕೆ 20 ಸೆಕೆಂಡು. ತಂಡದಲ್ಲಿ ಮೂವರು ಸೇರಿ 2 ನಿಮಿಷದೊಳಗೆ 6 ಬಾಣ. ಲೆಕ್ಕ ಒಂದೇ, ಆದರೆ ಮೊದಲಿನವರು ತಡಮಾಡಿದ ಸೆಕೆಂಡುಗಳನ್ನು ಕೊನೆಯವರು ತೆರಬೇಕು. ರೇಖೆಗೆ ಬರುವ, ಹಿಂದೆ ಸರಿಯುವ ಹೊತ್ತೂ ಅದರಲ್ಲೇ ಸೇರಿದೆ. ಒಂಟಿಯಾಗಿ ಕಲ್ಲಿನಂತೆ ನಿಲ್ಲುವವರು ಇಲ್ಲಿ ಗಡಿಯಾರ ನೋಡಿ ಬಾಣ ಬಿಟ್ಟುಬಿಡುತ್ತಾರೆ. ಅವರ ಮನಸ್ಸು ದುರ್ಬಲವಲ್ಲ, ಆ ಗಡಿಯಾರದ ಅಭ್ಯಾಸವಿಲ್ಲ ಅಷ್ಟೆ. ವಾರಕ್ಕೆರಡು ದಿನವಾದರೂ ಸರದಿ ಬದಲಿಸಿ, ಕೊನೆಯವರಿಗೆ ಬೇಕೆಂದೇ 15 ಸೆಕೆಂಡು ಮಾತ್ರ ಉಳಿಸಿ ಬಾಣ ಬಿಡಿಸಬೇಕು.

ಇನ್ನೊಂದು ಮಾತು. ಸಹಿಸಿಕೊಳ್ಳುವುದೇ ಸ್ಥೈರ್ಯ ಎನ್ನುವುದು ಅಪಾಯಕಾರಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್‌ನ ನಡುವೆ ಹಿಂದೆ ಸರಿದರು. ಗಾಳಿಯಲ್ಲಿ ದೇಹ ಎತ್ತ ತಿರುಗಿದೆ ಎಂಬ ಅರಿವೇ ತಪ್ಪಿದ ಜಿಮ್ನಾಸ್ಟ್ ಮುಂದುವರಿದರೆ ಕುತ್ತಿಗೆ ಮುರಿಯಬಹುದು. ಅವರನ್ನು ಹೇಡಿ ಎಂದವರೂ ಇದ್ದರು. 2024ರ ಪ್ಯಾರಿಸ್‌ನಲ್ಲಿ ಅವರು 3 ಚಿನ್ನ ಗೆದ್ದರು, ಒಂದು ತಂಡದೊಂದಿಗೆ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟಿರುವ ಆಟಗಾರರಿಗೆ ಬೇಕಿರುವುದು ಇನ್ನಷ್ಟು ತಾಲೀಮಲ್ಲ, ವೈದ್ಯರು.

– ಒಬ್ಬ ತರಬೇತುದಾರ